ಕಂಬಳಿಯ ಕೊಪ್ಪೆ: ಉಡುವ ಮನೆಯ ವಿಚಾರ

ಉಡುಪು ಮೈಯನ್ನು ಮುಚ್ಚುವುದಷ್ಟೇ ಅಲ್ಲ. ಉಟ್ಟವರಿಗೂ ನೋಡುವವರಿಗೂ ನಡುವೆ ಒಂದು ಎಲ್ಲೆಯನ್ನು ಎಳೆಯುತ್ತದೆ. ಈ ಎಲ್ಲೆಯನ್ನೇ ಕಲಾವಸ್ತುವನ್ನಾಗಿ ಮಾಡಿಕೊಂಡವರು ಆಂಗ್ಲ ಕಲಾವಿದೆ ಲೂಸಿ ಓರ್ಟಾ. 1992ರಲ್ಲಿ ಆರಂಭವಾದ ಅವರ ‘ರೆಫ್ಯೂಜ್ ವೇರ್’ ಮಾಲೆಯಲ್ಲಿ ಮೇಲಂಗಿಯೇ ಬಿಚ್ಚಿಕೊಂಡು ಒಬ್ಬರ ಗುಡಾರವಾಗುತ್ತದೆ. ಮನೆಯಿಲ್ಲದವನಿಗೆ ಏಕಾಂತವೂ ಇಲ್ಲವೆಂಬ ಸತ್ಯವನ್ನು ಅದು ಕಣ್ಣಿಗೆ ಕಟ್ಟುವಂತೆ ಮಾಡುತ್ತದೆ. ಆದರೆ ಅದರ ಬೆಳ್ಳಿಯ ಹೊಳಪೇ ಅದರ ದೋಷ. ಮರೆಯಾಗಬೇಕಾದವನು ಬೀದಿಯಲ್ಲಿ ಎದ್ದು ಕಾಣುತ್ತಾನೆ.

ಭೀಮಾ ನೀರಾ ನದಿಗಳ ನಡುವಣ ಇಂದಾಪುರದ ಬಯಲಿನಲ್ಲಿ ಧನಗರರು ಹೊದೆಯುತ್ತ ಬಂದ ಘೋಂಗಡಿ ಇದಕ್ಕೆ ಪ್ರತ್ಯುತ್ತರದಂತಿದೆ. ನಮ್ಮ ಕುರುಬರ ಕಂಬಳಿಗೆ ಅದು ಒಡಹುಟ್ಟು. ದಖ್ಖಣಿ ಕುರಿಯ ಉಣ್ಣೆಯನ್ನು ಕೈಯಿಂದ ನೂತು, ಕುಣಿಮಗ್ಗದಲ್ಲಿ ನೆಯ್ದು, ಹುಣಿಸೆಬೀಜದ ಗಂಜಿಯಿಂದ ಬಿರುಸುಗೊಳಿಸಿದ ಈ ಬಟ್ಟೆ, ಮಡಿಸಿ ತಲೆಗೇರಿಸಿದೊಡನೆ ಕೊಪ್ಪೆಯಾಗಿ ನಿಲ್ಲುತ್ತದೆ. ಮಳೆಗಾಳಿಗಳಿಗೆ ಮಾತ್ರವಲ್ಲ, ಪರರ ನೋಟಕ್ಕೂ ಅಲ್ಲಿ ತಡೆಯುಂಟು. ಆದರೂ ಕಂಡವರಿಗೆ ಅದು ಕಾಯಕದ ಗುರುತು, ನಿರ್ಗತಿಕತೆಯ ಗುರುತಲ್ಲ. ಊರೂರು ಅಲೆಯುವವನಿಗೂ ಅದು ಮಾನವನ್ನು ಉಳಿಸಿಕೊಡುತ್ತದೆ.

ಹಾಗಾದರೆ ಮರೆ ಯಾರಿಗಾಗಿ? ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅಕ್ಕಮಹಾದೇವಿಯನ್ನು, ಸೀರೆ ತೊರೆದ ಮೇಲೂ ಕೂದಲ ಮರೆಯೇಕೆಂದು ಕೇಳುತ್ತಾನೆ. ಅದು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಆಕೆಯ ಉತ್ತರದ ಭಾವ. ಕೊರತೆ ಮೈಯದಲ್ಲ, ಕಣ್ಣಿನದು ಎಂಬುದು ಅಲ್ಲಿಯ ಧ್ವನಿ. ಓರ್ಟಾ ಅವರ ಅಂಗಿ ದಾರಿಹೋಕನ ಕಣ್ಣನ್ನು ನಾಚಿಸಬಲ್ಲುದು. ಅದೇ ಅದರ ಹಿರಿಮೆ. ಆದರೆ ಉಟ್ಟವನಿಗೆ ನೆಮ್ಮದಿ ಬೇಕಾದರೆ, ಕಲಾವಿದರು ಕಂಬಳಿಯಿಂದಲೇ ಕಲಿಯಬೇಕಾದೀತು.