ಉತ್ಸವವೇದಿಕೆಯ ಮೇಲೆ ಜನಪದಗೀತವೂ ಹೋರಾಟದ ಹಾಡೂ

ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮೊದಲಾದ ಬಡಾವಣೆಗಳಲ್ಲಿ ನವೆಂಬರು ತಿಂಗಳು ರಾಜ್ಯೋತ್ಸವದ ವೇದಿಕೆಗಳ ಕಾಲ. ಏಪ್ರಿಲಿನಲ್ಲಿ ಅಂಬೇಡ್ಕರ್ ಜಯಂತಿಯ ವೇದಿಕೆಗಳು ಏಳುತ್ತವೆ. ಜ್ಞಾನಭಾರತಿಯ ನೆರೆಯ ಮಲ್ಲತ್ತಹಳ್ಳಿಯಲ್ಲಿ ಸರಕಾರದ ಕಲಾಗ್ರಾಮವಿದೆ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ರಾಮನಗರದ ಬಳಿ, ಎಚ್. ಎಲ್. ನಾಗೇಗೌಡರು ಕಟ್ಟಿ ೧೯೯೪ರಲ್ಲಿ ಲೋಕಾರ್ಪಣವಾದ ಜಾನಪದ ಲೋಕವಿದೆ. ಅಲ್ಲಿ ಲೋಕೋತ್ಸವ ನಡೆಯುತ್ತದೆ. ನಗರದ ಇಂತಹ ಉತ್ಸವಗಳಲ್ಲಿ ಕಂಸಾಳೆ, ತಮಟೆ, ನೀಲಗಾರರ ಪದ ಇವುಗಳ ನಡುವೆ ೧೯೭೦ರ ದಶಕದ ಹೋರಾಟದ ಹಾಡುಗಳೂ ಕೇಳಿಬರುವುದು ಈಗ ಅಪರೂಪವಲ್ಲ. ಕಾರ್ಯಕ್ರಮಪಟ್ಟಿಯಲ್ಲಿ ಇವೆಲ್ಲಕ್ಕೂ ‘ಜನಪದ ಗಾಯನ’ವೆಂಬ ಒಂದೇ ಹೆಸರು ಬೀಳುವುದೂ ಉಂಟು. ಈ ಎರಡು ಬಗೆಯ ಹಾಡುಗಳನ್ನು ಒಂದೇ ವೇದಿಕೆಯ ಮೇಲೆ ತರುವುದು ಯುಕ್ತವೆ? ಯುಕ್ತವಾದರೆ ಅವುಗಳ ಗುಣದೋಷಗಳನ್ನು ಅಳೆಯತಕ್ಕ ಮಾನದಂಡ ಯಾವುದು? ಇಲ್ಲಿ ವಿಚಾರಿಸತಕ್ಕದ್ದು ಇಷ್ಟೆ.

ಈ ವಿಷಯದಲ್ಲಿ ಎರಡು ಆಕ್ಷೇಪಗಳುಂಟು. ಜನಪದವು ಪುರಾತನವಾದದ್ದು, ಕರ್ತೃವಿಲ್ಲದ್ದು, ಯಾರ ಪಕ್ಷವನ್ನೂ ಹಿಡಿಯದ್ದು. ಹೋರಾಟದ ಹಾಡಾದರೋ ನಿನ್ನೆಯದು, ಕವಿಯ ಹೆಸರುಳ್ಳದ್ದು, ಪಕ್ಷ ಹಿಡಿದದ್ದು. ಆದ್ದರಿಂದ ಇವೆರಡರ ಬೆರಕೆ ಸಲ್ಲದೆಂಬುದು ಮೊದಲನೆಯದು. ಹೊಲಗದ್ದೆ, ಜಾತ್ರೆ, ಮೆರವಣಿಗೆಗಳಲ್ಲಿ ಹುಟ್ಟಿದ ಹಾಡು ದೀಪಾಲಂಕಾರದ ವೇದಿಕೆಗೆ ಬಂದೊಡನೆ ಜೀವ ಕಳೆದುಕೊಳ್ಳುತ್ತದೆಂಬುದು ಎರಡನೆಯದು. ಎರಡರಲ್ಲಿಯೂ ಸ್ವಲ್ಪ ಸತ್ಯಾಂಶವಿದೆ. ಆದರೆ ಯಾವುದೂ ಪರೀಕ್ಷೆಗೆ ಪೂರ್ತಿಯಾಗಿ ನಿಲ್ಲುವಂತಹದಲ್ಲ.

ಮೊದಲನೆಯ ಆಕ್ಷೇಪಕ್ಕೆ ಕನ್ನಡದ ಜನಪದಸಾಹಿತ್ಯವೇ ಉತ್ತರ ಹೇಳುತ್ತದೆ. ಶಾಸನತಜ್ಞರೆಂದು ಪ್ರಸಿದ್ಧರಾದ ಜೆ. ಎಫ್. ಫ್ಲೀಟರು ೧೮೮೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯೂ, ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಧಿಕ್ಕರಿಸಿ ೧೮೫೭ರಲ್ಲಿ ದಂಗೆಯೆದ್ದ ಹಲಗಲಿ ಬೇಡರ ಲಾವಣಿಯೂ ಅವುಗಳಲ್ಲಿ ಸೇರಿವೆ. ಫ್ಲೀಟರು ಮುಂಬಯಿ ಸರಕಾರದ ಅಧಿಕಾರಿಗಳು. ದಂಗೆಯನ್ನು ಅಡಗಿಸಿದ ಆಳ್ವಿಕೆಯ ಅಧಿಕಾರಿಯೊಬ್ಬರೇ ದಂಗೆಯ ಹಾಡನ್ನು ಜನಪದಸಂಪತ್ತೆಂದು ಕಾಪಾಡಿದುದು ಗಮನಿಸತಕ್ಕ ಸಂಗತಿ. ಪ್ರತಿಭಟನೆಯ ಹಾಡು ಪರಂಪರೆಯ ವಸ್ತುವಾಗುವ ಕ್ರಮವು ಇಂದಿನ ಉತ್ಸವಗಳಿಂದ ಆರಂಭವಾದುದಲ್ಲ. ಅಚ್ಚಿನ ಪುಟವೂ ಒಂದು ಬಗೆಯ ವೇದಿಕೆಯೇ. ಮುಂದೆ ಸ್ವಾತಂತ್ರ್ಯಹೋರಾಟದ ಕಾಲದಲ್ಲಿ ಉತ್ತರಕರ್ನಾಟಕದ ಗೀಗೀ ಮೇಳಗಳು ದೇಶಭಕ್ತಿಯ ಪದಗಳನ್ನು ಕಟ್ಟಿ ಊರೂರಿಗೆ ಒಯ್ದುವು.

ಪ್ರತಿಭಟನೆಯು ದೊರೆಗಳನ್ನು ಎದುರಿಸಿದ ಲಾವಣಿಗಳಿಗೆ ಮಾತ್ರ ಸೀಮಿತವಲ್ಲ. ನೀಲಗಾರರು ತಂಬೂರಿ, ಗಗ್ಗರ, ಡಮ್ಮಡಿಗಳೊಡನೆ ಹಾಡುವ ಮಂಟೇಸ್ವಾಮಿ ಕಾವ್ಯದ ಕಲ್ಯಾಣಪಟ್ಟಣದ ಸಾಲಿನಲ್ಲಿ, ಹೀನರೂಪದಿಂದ ಬಂದ ಗುರುವು ಕಲ್ಯಾಣದ ಶರಣರನ್ನೇ ಒರೆಗೆ ಹಚ್ಚುತ್ತಾನೆ. ಭಕ್ತಿಯ ವೇಷ ಧರಿಸಿ ಬಂದವನ ಕುಲರೂಪಗಳನ್ನು ನೋಡಿ ಬಾಗಿಲು ಮುಚ್ಚುವವರನ್ನು ಆ ಕಾವ್ಯವು ಕಠಿನವಾಗಿ ಪ್ರಶ್ನಿಸುತ್ತದೆ. ಪ್ರಶ್ನಿಸುತ್ತಲೇ ಬಸವಣ್ಣನವರ ನಿಷ್ಠೆಯನ್ನು ಎತ್ತಿಹಿಡಿಯುತ್ತದೆ. ಇಂತಹ ಕಾವ್ಯವನ್ನು ಯಾವ ಪಕ್ಷವನ್ನೂ ಹಿಡಿಯದ ಹಳ್ಳಿಯ ವಿನೋದವೆಂದು ಎಣಿಸುವುದು ಅದನ್ನು ಕೇಳದವರ ಮಾತು.

ಈ ಎರಡು ಪ್ರವಾಹಗಳು ಒಬ್ಬನೇ ಕವಿಯಲ್ಲಿ ಕೂಡಿದ ನಿದರ್ಶನ ಬೆಂಗಳೂರಿನ ಪಶ್ಚಿಮಭಾಗದಲ್ಲಿಯೇ ಇದೆ. ೧೯೫೪ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ದಲಿಂಗಯ್ಯನವರು ಬಾಲ್ಯದಲ್ಲಿಯೇ ನಗರಕ್ಕೆ ಬಂದು, ರಾಜಾಜಿನಗರಕ್ಕೆ ನೆರೆಯ ಶ್ರೀರಾಮಪುರದ ಬಡವರ ಕೇರಿಯಲ್ಲಿ ಬೆಳೆದರು; ಮುಂದೆ ಜ್ಞಾನಭಾರತಿಯಲ್ಲಿ ಕನ್ನಡದ ಪ್ರಾಧ್ಯಾಪಕರಾದರು; ೨೦೨೧ರಲ್ಲಿ ತೀರಿಕೊಂಡರು. ೧೯೭೫ರಲ್ಲಿ ಪ್ರಕಟವಾದ ‘ಹೊಲೆಮಾದಿಗರ ಹಾಡು’, ೧೯೭೯ರ ‘ಸಾವಿರಾರು ನದಿಗಳು’ ಎಂಬ ಸಂಕಲನಗಳ ಕವಿಯೂ, ‘ಗ್ರಾಮದೇವತೆಗಳು’ ಎಂಬ ಸಂಶೋಧನಗ್ರಂಥದ ಕರ್ತೃವೂ ಇವರೇ. ದಲಿತ ಸಂಘರ್ಷ ಸಮಿತಿಯ ಸಭೆ ಮೆರವಣಿಗೆಗಳಲ್ಲಿ ಇವರ ಹಾಡುಗಳನ್ನು ಜನರು ಬಾಯಿಯಿಂದ ಬಾಯಿಗೆ ಕಲಿತರು. ಅನೇಕರು ಕವಿಯ ಹೆಸರನ್ನು ತಿಳಿಯುವ ಮೊದಲೇ ಹಾಡನ್ನು ತಿಳಿದಿದ್ದರು. ಜನಪದಗೀತದ ಲಕ್ಷಣಗಳೆಂದು ಹೇಳುವ ಬಾಯಿಪಾಠ, ಸಾಮೂಹಿಕ ಗಾಯನ, ಪಾಠಾಂತರ ಇವು ಮೂರೂ ಒಂದು ತಲೆಮಾರಿನೊಳಗೆ ಈ ಹಾಡುಗಳಿಗೆ ಒದಗಿಬಂದುವು. ಆದುದರಿಂದ ಒಂದೇ ವೇದಿಕೆಯ ಮೇಲೆ ಇವು ಕೂಡುವುದರಲ್ಲಿ ಅಸಂಗತವಾದುದೇನೂ ಇಲ್ಲ.

ಇನ್ನು ಎರಡನೆಯ ಆಕ್ಷೇಪ. ಇದನ್ನು ಪರೀಕ್ಷಿಸುವುದಕ್ಕೆ ಹಾಡುಗಳ ರಚನೆಯನ್ನು ನೋಡಬೇಕು. ಸೋಬಾನೆಯಲ್ಲಿ ಒಬ್ಬಳು ಹೇಳಿಕೊಟ್ಟುದನ್ನು ಉಳಿದವರು ಹಿಂದೆ ಹೇಳುತ್ತಾರೆ. ಗೀಗೀಪದಕ್ಕೆ ಆ ಹೆಸರು ಬಂದುದೇ ಹಿಮ್ಮೇಳದವರ ಸೊಲ್ಲಿನಿಂದ. ನೀಲಗಾರರ ಮುಮ್ಮೇಳಕ್ಕೆ ಹಿಮ್ಮೇಳ ಓಗೊಡದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಎಂದರೆ, ಮರುದನಿಯು ಇಲ್ಲಿ ಅಲಂಕಾರವಲ್ಲ, ರಚನೆಯ ಒಂದು ಅಂಗ. ಹೋರಾಟದ ಹಾಡಿನಲ್ಲಿಯೂ ಇದೇ ನಿಯಮವನ್ನು ಕಾಣಬಹುದು. ಸಿದ್ದಲಿಂಗಯ್ಯನವರ ‘ನನ್ನ ಜನಗಳು’ ದುಡಿಯುವವರ ಒಂದೊಂದು ಕೆಲಸವನ್ನೂ ಒಂದೊಂದು ಸಂಕಟವನ್ನೂ ಚಿಕ್ಕ ನುಡಿಗಳಲ್ಲಿ ಹೇಳುತ್ತ, ಮತ್ತೆ ಮತ್ತೆ ಶೀರ್ಷಿಕೆಯ ಎರಡು ಮಾತುಗಳಿಗೆ ಹಿಂದಿರುಗುತ್ತದೆ. ಆ ಹಿಂದಿರುಗುವ ಎಡೆಯೇ ಗುಂಪು ದನಿಗೂಡಿಸುವ ಎಡೆ. ಒಬ್ಬ ಗಾಯಕನು ಮಾತ್ರ ಹಾಡಿದಾಗ ‘ನನ್ನ’ ಎಂಬುದು ಕವಿಯ ಮಾತಾಗಿ ಉಳಿಯುತ್ತದೆ. ಸಾವಿರ ಜನ ಹಾಡಿದಾಗ ಪ್ರತಿಯೊಬ್ಬನೂ ಪಕ್ಕದವನನ್ನು ತನ್ನವನೆಂದು ಕರೆದಂತಾಗುತ್ತದೆ. ಅಕ್ಷರಗಳು ಬದಲಾಗುವುದಿಲ್ಲ, ಅರ್ಥವು ಬದಲಾಗುತ್ತದೆ. ೧೯೪೭ರ ಸ್ವಾತಂತ್ರ್ಯವು ಯಾರ ಪಾಲಿಗೆ ದಕ್ಕಿತೆಂದು ಕೇಳುವ ಅವರ ಇನ್ನೊಂದು ಹಾಡು ಪ್ರಶ್ನೆಯ ರೂಪದಲ್ಲಿಯೇ ಇದೆ. ಪ್ರಶ್ನೆಗೆ ಎದುರಿನಲ್ಲಿ ಕುಳಿತವರು ಚಪ್ಪಾಳೆಯಿಂದ ಉತ್ತರ ಕೊಟ್ಟರೆ, ಕೇಳಿದ್ದು ಅವರಿಗೆ ತಲಪಿತೋ ಇಲ್ಲವೋ ಎಂದು ಸಂದೇಹಿಸಬೇಕಾಗುತ್ತದೆ.

ಉತ್ಸವದ ವೇದಿಕೆಯು ಮೊದಲು ತೆಗೆದುಹಾಕುವುದು ಈ ಮರುದನಿಯನ್ನು. ರಾತ್ರಿಯೆಲ್ಲ ನಡೆಯತಕ್ಕ ಮಾದೇಶ್ವರನ ಕಥೆ ಹತ್ತು ನಿಮಿಷದ ಬೀಸುಕಂಸಾಳೆಯಾಗುತ್ತದೆ. ಕಂಚಿನ ತಾಳದ ಚಮತ್ಕಾರ ಉಳಿಯುತ್ತದೆ, ಕಥೆ ಹೋಗುತ್ತದೆ. ಹೋರಾಟದ ಹಾಡಿಗೆ ಮೊದಲೇ ಮುದ್ರಿಸಿಟ್ಟ ವಾದ್ಯವೃಂದ ಬಂದರೆ, ಸಭೆಯ ಉತ್ಸಾಹಕ್ಕೆ ತಕ್ಕಂತೆ ಒಂದು ನುಡಿಯನ್ನು ಇನ್ನೊಮ್ಮೆ ಎತ್ತಿಕೊಳ್ಳುವ ಸ್ವಾತಂತ್ರ್ಯ ಗಾಯಕನಿಗೆ ಇಲ್ಲದೆ ಹೋಗುತ್ತದೆ. ಧ್ವನಿವರ್ಧಕವು ಒಂದು ಕಂಠವನ್ನು ಎಷ್ಟು ದೊಡ್ಡದು ಮಾಡುತ್ತದೆಯೋ ಕೇಳುವವರ ಕಂಠಗಳು ಅಷ್ಟು ಸಣ್ಣವಾಗುತ್ತವೆ.

ಇಷ್ಟನ್ನು ಕಂಡು, ಹಾಡು ತನ್ನ ಮೂಲಸ್ಥಾನದಲ್ಲಿಯೇ ಇರಬೇಕಾಗಿತ್ತೆಂದು ಹಂಬಲಿಸುವುದು ಮಾತ್ರ ತಪ್ಪು. ತಮಟೆಯ ವಿಷಯವನ್ನು ನೋಡಬಹುದು. ಬಳೆಗೆ ಬಿಗಿದ ಚರ್ಮವನ್ನು ಬೆಂಕಿಗೆ ಕಾಯಿಸಿ ಎರಡು ಕಡ್ಡಿಗಳಿಂದ ಬಾರಿಸುವ ಈ ವಾದ್ಯದ ಮೂಲಸ್ಥಾನವು ಸಾವಿನ ಮನೆ, ಊರಹಬ್ಬ, ಡಂಗುರ. ಅನೇಕ ಗ್ರಾಮಗಳಲ್ಲಿ ಅದನ್ನು ಬಾರಿಸುವುದು ಅಸ್ಪೃಶ್ಯರೆನಿಸಿದವರ ಮೇಲೆ ಹೇರಿದ ಬಿಟ್ಟಿಯ ಕೆಲಸವಾಗಿತ್ತು. ಆ ಅವಮಾನವನ್ನು ನೆನೆದು ತಮಟೆಯನ್ನೇ ತ್ಯಜಿಸಬೇಕೆಂದವರೂ, ಅದನ್ನೇ ಹೋರಾಟದ ದನಿಯನ್ನಾಗಿ ಮಾಡಿಕೊಂಡವರೂ ದಲಿತರ ಚಳುವಳಿಯಲ್ಲಿ ಇದ್ದರು. ಎರಡು ನಿಲುವುಗಳಿಗೂ ನ್ಯಾಯವಾದ ಕಾರಣವಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆವಾದನಕ್ಕಾಗಿ ೨೦೨೩ರಲ್ಲಿ ಪದ್ಮಶ್ರೀ ದೊರೆತುದು ವೇದಿಕೆಯ ದಾರಿಯಿಂದಲೇ ಸಾಧ್ಯವಾದ ಗೌರವ. ಊರ ಹೊರಗೆ ನಿಂತು ಬಾರಿಸಬೇಕಾಗಿದ್ದ ವಾದ್ಯವು ಸಭೆಯ ನಡುವೆ ಸಂಭಾವನೆ ಪಡೆದು ನುಡಿಯುವುದನ್ನು ಕಂಡು, ಇದು ಸಹಜವಾದ ಪರಿಸರವಲ್ಲವೆಂದು ಮರುಗುವ ವಿಮರ್ಶಕನು ಯಾವ ಪರಿಸರಕ್ಕಾಗಿ ಮರುಗುತ್ತಿದ್ದಾನೆಂಬುದನ್ನು ಯೋಚಿಸಬೇಕು. ಮೂಲಶುದ್ಧಿಯನ್ನು ಮಾನದಂಡವಾಗಿ ಇಟ್ಟುಕೊಂಡರೆ ಬಿಟ್ಟಿಯೂ ಶುದ್ಧವೆನಿಸೀತು.

ಹಾಗಾದರೆ ಅಳತೆ ಯಾವುದು? ಪುರಾತನತೆಯಲ್ಲ, ಮೂಲಶುದ್ಧಿಯೂ ಅಲ್ಲ. ಹಾಡಿನ ರಚನೆಯು ಬೇಡುವ ಮರುದನಿಗೆ ಪ್ರದರ್ಶನವು ಎಡೆಗೊಟ್ಟಿತೆ ಎಂಬುದು. ಈ ಅಳತೆಯಿಂದ ನೋಡಿದರೆ, ಗಂಟಲು ಒರಟಾಗಿದ್ದರೂ ಸಭೆಯಿಂದ ಸೊಲ್ಲು ತೆಗೆಸಿದ ಮೇಳವು, ಶ್ರುತಿಶುದ್ಧವಾಗಿ ಹಾಡಿ ಸಭೆಯನ್ನು ಮೌನವಾಗಿ ಕೂರಿಸಿದ ಗಾಯನಕ್ಕಿಂತ ಮೇಲು. ಭಾವಗೀತದಲ್ಲಿ ಗುಣವಾಗುವ ಮೌನವು ಇಲ್ಲಿ ದೋಷವಾಗುತ್ತದೆ. ಸುಗಮಸಂಗೀತದ ಸೌಷ್ಠವವನ್ನು ಹೋರಾಟದ ಹಾಡಿಗೆ ತೊಡಿಸಿದಾಗ ಅದು ಬಡವಾಗುವುದು ಇದರಿಂದಲೇ. ನೀಲಗಾರರಿಗೆ ಅರ್ಧಗಂಟೆಯಷ್ಟೇ ದೊರೆತರೂ ಹತ್ತು ಕಡೆಯಿಂದ ತುಣುಕುಗಳನ್ನು ಆಯದೆ ಒಂದೇ ಸಾಲಿನ ಒಂದು ಸಂದರ್ಭವನ್ನು ಹಿಮ್ಮೇಳಸಹಿತವಾಗಿ ಪೂರ್ತಿ ಹಾಡಿಸುವುದು ಸಾಧ್ಯ. ಹೋರಾಟದ ಹಾಡಿಗೆ ಸಭೆಯ ನಡುವೆ ಹತ್ತು ಮಂದಿ ಹಾಡುವವರನ್ನು ಕೂರಿಸುವುದೂ ಕಷ್ಟವಲ್ಲ. ಕವಿಯ ಹೆಸರು ತಿಳಿದ ಹಾಡನ್ನು ಹೆಸರಿನೊಡನೆ, ಹುಟ್ಟಿದ ಇಸವಿಯೊಡನೆ ಸಭೆಗೆ ತಿಳಿಸತಕ್ಕದ್ದು. ‘ಜನಪದ’ವೆಂಬ ಒಂದೇ ಹೆಸರಿನಡಿ ಎಲ್ಲವನ್ನೂ ಸೇರಿಸಿದರೆ, ಹಾಡು ಯಾರನ್ನು ಕುರಿತು ಏನನ್ನು ಕೇಳಿತೆಂಬುದು ಮರೆತುಹೋಗುತ್ತದೆ.

ಈ ಮಾತು ಪಾಠಶಾಲೆಗೂ ಸಲ್ಲುತ್ತದೆ. ತರಗತಿಯಲ್ಲಿ ಈ ಹಾಡುಗಳನ್ನು ಮೌನವಾಗಿ ಓದಿಸಿ ಛಂದಸ್ಸನ್ನು ಮಾತ್ರ ವಿವರಿಸುವ ಅಧ್ಯಾಪಕನು ಫ್ಲೀಟರ ಪುಟದ ವರೆಗೆ ಬಂದಿರುತ್ತಾನೆ. ಆ ಪುಟ ಉಪಕಾರಕವೇ, ಏಕೆಂದರೆ ಅದಿಲ್ಲದಿದ್ದರೆ ಹಲಗಲಿಯ ಲಾವಣಿಯ ಒಂದು ಪಾಠವೇ ನಷ್ಟವಾಗಿರುತ್ತಿತ್ತು. ಆದರೆ ಸೊಲ್ಲನ್ನು ವಿದ್ಯಾರ್ಥಿಗಳಿಂದ ಒಮ್ಮೆ ಹೇಳಿಸಿದರೆ, ಪಲ್ಲವಿಯು ಮತ್ತೆ ಮತ್ತೆ ಬರುವುದೇಕೆಂಬುದು ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ.