ಕೆಳಗೆ ಬಿದ್ದವನ ಪಟ್ಟು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಜಾತ್ರೆ ಕುಸ್ತಿ ನೋಡಿ ಬೆಳೆದವರ ಕಣ್ಣು ಎತ್ತಿ ಒಗೆದವನ ಮೇಲಷ್ಟೇ ನಿಲ್ಲುವುದಿಲ್ಲ. ಮಣ್ಣಿಗೆ ಎದೆಯೊತ್ತಿ, ಬೆನ್ನು ತಾಗಗೊಡದೆ ನುಣುಚಿಕೊಂಡವನಿಗೂ ಶಿಳ್ಳೆ ಬೀಳುತ್ತದೆ. ಗುದ್ದು, ಒದೆತ, ಕುಸ್ತಿ ಎಲ್ಲವೂ ಸಲ್ಲುವ ಎಂಎಂಎ (ಮಿಶ್ರ ಸಮರಕಲೆ) ಕಾಳಗವನ್ನೂ ಆ ಕಣ್ಣಿನಿಂದಲೇ ನೋಡಬೇಕು.

ಗುದ್ದು, ಒದೆತಗಳಿಂದ ಹೆಸರಾದವನಿಗೆ ನೆಲದ ಪಟ್ಟು ಬಾರದು ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಬ್ರೆಜಿಲ್‌ನ ಆಂಡರ್ಸನ್ ಸಿಲ್ವಾನ ಬಗ್ಗೆಯೂ ಹಾಗೇ ಆಯಿತು. 2010ರ ಆಗಸ್ಟ್, ಅಮೆರಿಕದ ಓಕ್ಲೆಂಡ್. ಕುಸ್ತಿ ಹಿನ್ನೆಲೆಯ ಚೇಲ್ ಸೊನ್ನೆನ್ ಅವನನ್ನು ನಾಲ್ಕು ಸುತ್ತು ಕೆಡವಿ ಕೆಡವಿ ಗುದ್ದಿದ. ಐದನೆಯ ಸುತ್ತಿನಲ್ಲೂ ಅದೇ ಪಾಡು. ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಅಂಗಾತ ಬಿದ್ದಲ್ಲಿಂದಲೇ ಸಿಲ್ವಾ ಕಾಲನ್ನು ಎದುರಾಳಿಯ ಕತ್ತಿನ ಮೇಲೆ ಹಾಯಿಸಿ ತ್ರಿಕೋನವಾಗಿ ಬಿಗಿದ, ಸಿಕ್ಕ ತೋಳನ್ನು ಸೆಟೆಸಿದ. ಸೊನ್ನೆನ್ ಸೋಲೊಪ್ಪಿ ಕೈ ತಟ್ಟಿದ. ಅದೃಷ್ಟವೇ? ಅಲ್ಲವೇ ಅಲ್ಲ. ಸಿಲ್ವಾ ನೆಲದ ಪಟ್ಟುಗಳ ಕಲೆಯಾದ ಜಿಯು-ಜಿತ್ಸುವಿನಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದವನು!

ನನಗೆ ಇನ್ನೂ ಮೆಚ್ಚುಗೆಯಾಗುವುದು ಇನ್ನೊಬ್ಬ ಎಂಎಂಎ ಪಟು ಚಕ್ ಲಿಡೆಲ್‌ನ ರೀತಿ. ಕಾಲೇಜಿನಲ್ಲಿ ಕಲಿತ ಕುಸ್ತಿಯನ್ನು ಅವನು ಬಳಸಿದ್ದು ಹೆಚ್ಚಾಗಿ ಬೀಳದೆ ನಿಲ್ಲಲು. ಕಾಲಿಗೆ ಕೈಹಾಕಿದರೆ ಸೊಂಟ ಹಿಂದಕ್ಕೆಸೆದು, ಮೈಭಾರವನ್ನೆಲ್ಲ ಎದುರಾಳಿಯ ಬೆನ್ನ ಮೇಲೆ ಬಿಡುತ್ತಿದ್ದ. ಮರುಕ್ಷಣ ಎದ್ದು ನಿಂತಿರುತ್ತಿದ್ದ, ಮುಷ್ಟಿ ಬಿಗಿದು.