ಭಾರವಿದ್ದರೆ ಸುಖವೆ?

ದಾವಣಗೆರೆ–ಹರಿಹರದ ಹಾದಿಗೆ ಅಂಬಾಸಿಡರ್ ಲೇಸೋ, ಪದ್ಮಿನಿಯೋ? "ಅಂಬಾಸಿಡರ್ರೇ. ಅದು ಭಾರ, ಕುಲುಕುವುದಿಲ್ಲ" ಎನ್ನುತ್ತಾರೆ ಹಳೆಯ ಕಾರುಗಳ ಅಭಿಮಾನಿಗಳು. ಉತ್ತರ ಒಪ್ಪತಕ್ಕದ್ದೇ, ಕಾರಣ ಮಾತ್ರ ಅರೆಬರೆ.

ಎರಡೂ ಯೂರೋಪಿನ ಸೆಡಾನ್‌ಗಳ ಸಂತಾನ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ತಯಾರಾಯಿತು. ಇಟಲಿಯ ಫಿಯಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿತು. ಕಾರು ಎಂಬುದೇ ಐಷಾರಾಮವಾಗಿದ್ದ ಕಾಲವದು.

ಸ್ಪ್ರಿಂಗಿನ ಮೇಲಿನ ಕಾಯದ ಸಹಜ ಆವೃತ್ತಿ √(k/m)ಗೆ ಅನುಪಾತದಲ್ಲಿರುತ್ತದೆ. ಭಾರದ ಕಾರಿಗೆ ತಯಾರಕರು ಬಿಗಿಯಾದ ಸ್ಪ್ರಿಂಗನ್ನೇ ಹಾಕುವುದರಿಂದ ಬರಿಯ ಭಾರದಿಂದ ಹೆಚ್ಚು ಲಾಭವಿಲ್ಲ. ಸುಮಾರು 1100 ಕಿ.ಗ್ರಾಂ.ನ ಅಂಬಾಸಿಡರ್‌ಗೆ 300 ಕಿ.ಗ್ರಾಂ. ಜನ ಹತ್ತಿದರೆ ಆವೃತ್ತಿ ಶೇ. 11ರಷ್ಟು ಇಳಿಯುತ್ತದೆ, ಸುಮಾರು 900 ಕಿ.ಗ್ರಾಂ.ನ ಪದ್ಮಿನಿಯಲ್ಲಿ ಶೇ. 13ರಷ್ಟು. ಈ ಅಂತರ ಬೆನ್ನಿಗೆ ತಿಳಿಯುವಂಥದ್ದಲ್ಲ. (ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ.)

ನಿಜವಾದ ಗುಟ್ಟು ಚಕ್ರದಲ್ಲಿದೆ. ಸಣ್ಣ ಗುಂಡಿಗೆ ಚಕ್ರ ಇಳಿಯುವ ಆಳ ಅದರ ತ್ರಿಜ್ಯಕ್ಕೆ ವಿಲೋಮ. ಅಂಬಾಸಿಡರ್‌ನದು 15 ಅಂಗುಲದ ರಿಮ್ಮು, ಪದ್ಮಿನಿಯದು 14. ಅಂಬಾಸಿಡರ್‌ನ ಟೈರೂ ದಪ್ಪ. ಹಿಂದು-ಮುಂದಿನ ಚಕ್ರಗಳ ನಡುವಿನ ದೂರವೂ ಸುಮಾರು 12 ಸೆಂ.ಮೀ. ಹೆಚ್ಚು, ಮೂತಿ ಎತ್ತಿ ಬೀಳುವ ಕೋನ ಅಷ್ಟು ಕಡಿಮೆ.

ಇಂಥ ಕಾರಿಗೆ ಅಲಾಯ್ ಚಕ್ರ, ತೆಳು ಟೈರು ತೊಡಿಸುವ ಅಭಿಮಾನ ನನಗೆ ಅರ್ಥವಾಗದು. ಆ ಹಣದಲ್ಲಿ ಕಮಾನು ಪಟ್ಟಿಯ ಸವೆದ ಬುಶ್‌ಗಳನ್ನು ಹೊಸದಾಗಿ ಕಡೆಸಬಹುದು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನಿಂದಾಗಿ ಲೇತಿಗೇ ಹೆಸರಾಗಿದ್ದ ಊರು ಹರಿಹರ.

ಸ್ವತಃ ಓಡಿಸುವ ಖುಷಿಗಾದರೆ ನನ್ನ ಮತ ಹಗುರಾದ ಪದ್ಮಿನಿಗೆ.